ತಲೆಗೆ ಪೆಟ್ಟು ಬಿದ್ದರೆ: ಪುಣೆಯಲ್ಲಿರುವ ನಮ್ಮವರಿಗೆ

ಗಾಡಿಯಿಂದ ಬಿದ್ದವರು ಎದ್ದು, ಮಣ್ಣು ಕೊಡವಿಕೊಂಡು, "ಏನೂ ಆಗಿಲ್ಲ, ನಡೀರಿ" ಅಂದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಬುರುಡೆಯ ಒಳಗೆ ರಕ್ತನಾಳ ಹರಿದಿದ್ದರೆ ಕೆಲವರು ಒಂದೆರಡು ತಾಸು, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು, ಚೆನ್ನಾಗಿಯೇ ಮಾತಾಡಿಕೊಂಡು ಚಹಾ ಕುಡಿದು ಓಡಾಡಿಕೊಂಡಿದ್ದು ಆಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತಾರೆ. ಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ತುಂಬಿದರೂ ಮಿದುಳು ಊದಿಕೊಂಡರೂ ಒತ್ತಡ ಬೀಳುವುದು ಮಿದುಳಿನ ಮೇಲೆಯೇ. ಹಾಗಾಗಿ ಮೊದಲ ಎರಡು ದಿನ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಅವರು ಕನ್ನಡದವರಾದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ರಸ್ತೆಯ ಮೇಲಿನ ಕೆಲಸ. 108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಇದೇ ನಂಬರು. ಕೈಕಾಲು ಹಿಡಿದು ಎತ್ತಿ ಆಟೋಕ್ಕೆ ತುಂಬಬೇಡಿ, ಕುತ್ತಿಗೆಗೂ ಏಟು ಬಿದ್ದಿರಬಹುದು. ಉಸಿರಾಟ ಸರಿ ಇದ್ದರೆ ಹೆಲ್ಮೆಟ್ ಎಳೆಯಲು ಹೋಗಬೇಡಿ. ಬಾಯಿಗೆ ನೀರು ಹಾಕಬೇಡಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಟ್ಟಿಗೆ ತಿರುಗುವ ಹಾಗೆ ಇಬ್ಬರು ಹಿಡಿದು ಮಗ್ಗುಲಿಗೆ ಮಲಗಿಸಿ. ಗಾಯದ ರಕ್ತಕ್ಕೆ ಶುಭ್ರ ಬಟ್ಟೆ ಒತ್ತಿ, ಆದರೆ ಮೂಳೆ ಒಳಗೆ ಕುಸಿದಂತೆ ಕಂಡರೆ ಒತ್ತಬೇಡಿ. ಮೂಗಿನಿಂದ ಇಲ್ಲವೇ ಕಿವಿಯಿಂದ ನೀರಿನಂಥದ್ದು ಬಂದರೆ ಹತ್ತಿ ತುರುಕಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಇಡುವುದು ಯಾವುದೂ ಬೇಡ.

ಪೊಲೀಸ್ ಕಾಟ ಅಂತ ದೂರ ನಿಲ್ಲುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಪ್ರಕಾರ, ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳು ಅಂತ ಒತ್ತಾಯ ಮಾಡುವಂತಿಲ್ಲ. ದುಡ್ಡಿನ ಭಯವಿದ್ದರೆ, 2025ರ ಮೇ 5ರಿಂದ ಬಂದಿರುವ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ, ಯೋಜನೆಗೆ ಸೇರಿದ ಆಸ್ಪತ್ರೆ ಹೌದೋ ಅಲ್ಲವೋ ಅಂತ ಕೇಳಿಕೊಳ್ಳಿ. ಸರ್ಕಾರಿ ಆಸ್ಪತ್ರೆ ಬೇಕೆಂದರೆ ಸ್ಟೇಷನ್ ಹತ್ತಿರ ಸಸೂನ್ ಇದ್ದೇ ಇದೆ.

ಈಗ ಕನ್ನಡದ ವಿಷಯ. ತಲೆಗೆ ಪೆಟ್ಟು ಬಿದ್ದವರನ್ನು ಡಾಕ್ಟರು ಅಳೆಯುವುದು 1974ರಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ಅಳತೆಯಿಂದ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರ ಅಂತ ಲೆಕ್ಕ. ಮಾತಿನ ಐದು ಅಂಕ ಕೊಡುವುದು "ಹೆಸರೇನು, ಎಲ್ಲಿದ್ದೀಯಾ, ಇವತ್ತು ಏನು ವಾರ" ಅಂತ ಕೇಳಿ. ಇದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ, ಸಹಜವೇ. ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಆ ಗಲಾಟೆಯಲ್ಲಿ ಸುಮ್ನೆ ಮುಖ ನೋಡುತ್ತಾನೆ. ಅವನಿಗೆ ಭಾಷೆ ಬರಲಿಲ್ಲವೋ, ಗೊಂದಲವಾಗಿದೆಯೋ? ಇನ್ನೊಂದು ಕಡೆ, ಅವನ ನಾಲಿಗೆ ತೊದಲುತ್ತಿದ್ದರೂ ಕನ್ನಡ ಗೊತ್ತಿಲ್ಲದ ನರ್ಸಿಗೆ ಅದು ಹೇಗೆ ತಿಳಿಯಬೇಕು? ಆದ್ದರಿಂದ ಪಕ್ಕದಲ್ಲಿ ನಿಂತು ನೀವೇ ಕೇಳಿ. "ನಿನ್ನೆ ರಾತ್ರಿ ಏನು ಉಂಡೆ? ಯಾರ ಗಾಡೀಲಿ ಬಂದೆ? ನಿಮ್ಮವ್ವನ ಹೆಸರೇನು?" ಉತ್ತರ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಮಾತು ಎಳೆದರೆ ತಕ್ಷಣ ಡಾಕ್ಟರಿಗೆ ಹೇಳಿ. "ಇವನು ದಿನಾ ಹೀಗೆ ಮಾತಾಡಲ್ಲ" ಅನ್ನುವ ಒಂದು ಮಾತು ಅವರಿಗೆ ಬಹಳ ಕೆಲಸಕ್ಕೆ ಬರುತ್ತದೆ. ಕುಡಿದಿದ್ದರೆ ಅದನ್ನೂ ಮುಚ್ಚಿಡಬೇಡಿ. ಆದರೆ ಎಲ್ಲಾ ಕುಡಿತದ ಅಮಲು ಅಂತ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ.

ಮನೆಗೆ ಕಳಿಸಿದ ಮೇಲೂ ನೋಡುತ್ತಿರಬೇಕು. ಎರಡು ಸಲ ವಾಂತಿ, ಜಾಸ್ತಿಯಾಗುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಒಂದು ಕಡೆ ಕೈಕಾಲು ಸೋಲುವುದು, ಕಿವಿಯ ಹಿಂದೆ ಕಪ್ಪಾಗುವುದು, ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಇದರಲ್ಲಿ ಒಂದು ಕಂಡರೂ ವಾಪಸ್ ಆಸ್ಪತ್ರೆಗೆ. ನಿದ್ದೆ ಮಾಡಲೇಬಾರದು ಅಂತೇನಿಲ್ಲ. ಡಾಕ್ಟರು ಹೇಳಿದಷ್ಟು ಹೊತ್ತಿಗೊಮ್ಮೆ ಎಬ್ಬಿಸಿ ಮಾತಾಡಿಸಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು.

ನಮ್ಮವರು ಮಾಡುವ ಒಂದು ಕೆಲಸ ನೋಡಿದರೆ ಮೈ ಉರಿಯುತ್ತದೆ. "ಇಲ್ಲಿ ಯಾರ ಪರಿಚಯಾನೂ ಇಲ್ಲ, ಊರಿಗೆ ಹೋಗಿ ತೋರಿಸೋಣ" ಅಂತ ಅದೇ ರಾತ್ರಿ ಸ್ಲೀಪರ್ ಬಸ್ ಹತ್ತಿಸುವುದು. ಒಳಗೆ ರಕ್ತ ಸೋರುತ್ತಿರುವವನು ಪರದೆ ಎಳೆದು ಮಲಗಿದರೆ ಅದು ನಿದ್ದೆಯೋ ಪ್ರಜ್ಞೆ ತಪ್ಪಿದ್ದೋ ಯಾರಿಗೆ ಗೊತ್ತಾಗಬೇಕು? ಸಿಟಿ ಸ್ಕ್ಯಾನ್ ಬೇಕು ಅಂದರೆ ಇಲ್ಲೇ ಮಾಡಿಸಿ. ಊರು ಎಲ್ಲಿಗೂ ಹೋಗುವುದಿಲ್ಲ.

ವಯಸ್ಸಾದವರ ವಿಷಯ ಬೇರೆ. ಮೊಮ್ಮಗನನ್ನು ನೋಡಲು ಬಂದ ಅಜ್ಜಿ ಬಚ್ಚಲಿನ ಟೈಲ್ಸ್ ಮೇಲೆ ಜಾರಿ ತಲೆ ತಗುಲಿಸಿಕೊಂಡರೆ ಅವತ್ತು ಏನೂ ಕಾಣದೆ, ಎರಡು ಮೂರು ವಾರದ ನಂತರ ಮರೆವು, ಮಂಕು, ನಡಿಗೆಯಲ್ಲಿ ವಾಲಾಟ ಶುರುವಾಗಬಹುದು. ವಯಸ್ಸಿನ ದೋಷ ಅಂತ ಬಿಡಬೇಡಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಾದರೆ ಸಣ್ಣ ಪೆಟ್ಟಿಗೂ ತೋರಿಸಿ.

ಇದೆಲ್ಲ ಅಪರೂಪವೇನಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.9 ಕೋಟಿ ಜನರ ಮಿದುಳಿಗೆ ಪೆಟ್ಟಾಗುತ್ತದೆ ಅಂತ ಅಂದಾಜು. ನಮ್ಮ ದೇಶದಲ್ಲಿ ಆಗುವ ಇಂಥ ಪೆಟ್ಟುಗಳಲ್ಲಿ ಸುಮಾರು ಶೇ. 60ಕ್ಕೆ ರಸ್ತೆ ಅಪಘಾತ ಕಾರಣ, ಆಮೇಲಿನ ಸ್ಥಾನ ಬೀಳುವುದಕ್ಕೆ, ನಂತರ ಹೊಡೆದಾಟಕ್ಕೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಹೆಲ್ಮೆಟ್ ಕಡ್ಡಾಯ ಅಂದರೆ ಪುಣೆಯಲ್ಲಿ ಜಗಳಕ್ಕೇ ಬರುತ್ತಾರೆ, ಆ ವಾದಕ್ಕೆ ನಾನಿಲ್ಲ. ಹೆಲ್ಮೆಟ್ ತಲೆಪೆಟ್ಟಿನ ಅಪಾಯವನ್ನು ಸುಮಾರು ಶೇ. 69ರಷ್ಟು ತಗ್ಗಿಸುತ್ತದೆ ಅಂತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ, ಅಷ್ಟು ಸಾಕು. ಗದ್ದದ ಪಟ್ಟಿ ಹಾಕಿ, ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ. ಒಮ್ಮೆ ಜೋರಾಗಿ ಬಡಿದ ಹೆಲ್ಮೆಟ್ ಎಸೆಯಿರಿ, ಒಳಗಿನ ಥರ್ಮೊಕೋಲ್ ಒಂದು ಸಲ ಕುಗ್ಗಿದರೆ ಮತ್ತೆ ಕೆಲಸ ಮಾಡುವುದಿಲ್ಲ.

ಸ್ಕ್ಯಾನ್ ನಾರ್ಮಲ್ ಬಂದರೂ ತಿಂಗಳುಗಟ್ಟಲೆ ತಲೆನೋವು, ತಲೆಸುತ್ತು, ಮರೆವು ಕಾಡಬಹುದು. ಹಿಂಜವಡಿಯ ಆಫೀಸಿನಲ್ಲಿ ಸ್ಕ್ರೀನ್ ಮುಂದೆ ಇಡೀ ದಿನ ಕೂರುವವರು ಮೊದಲು ಅರ್ಧ ದಿನದಿಂದ ಶುರು ಮಾಡಲಿ. ಶಾಂತವಾಗಿದ್ದವರು ಸಣ್ಣದಕ್ಕೂ ಸಿಡುಕಬಹುದು. ಹೆಂಡತಿ ಮಕ್ಕಳು "ಅವರು ಬದಲಾಗಿಬಿಟ್ಟರು" ಅಂತ ಒಳಗೇ ನುಂಗಿಕೊಳ್ಳುತ್ತಾರೆ, ಹಾಗೆ ನುಂಗದೆ ಡಾಕ್ಟರಿಗೆ ಹೇಳಲಿ. ಕೆಲವರಿಗೆ ವಾಸನೆಯೇ ಹೊರಟುಹೋಗುತ್ತದೆ, ಅಂಥವರಿದ್ದರೆ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿದೆಯಾ ಅಂತ ರಾತ್ರಿ ಬೇರೆಯವರು ನೋಡಲಿ. ಫಿಟ್ಸ್ ಬಂದಿದ್ದರೆ ಡಾಕ್ಟರು ಹೇಳುವವರೆಗೆ ಗಾಡಿ ಕೀ ಕೊಡಬೇಡಿ. ಸ್ಕ್ಯಾನಿನ ಫಿಲ್ಮ್, ಡಿಸ್ಚಾರ್ಜ್ ಕಾಗದ ಎರಡೂ ಜೋಪಾನ. ಮುಂದೆ ಊರಿನ ಡಾಕ್ಟರಿಗೆ ತೋರಿಸುವಾಗ ಅವರು ಮೊದಲು ಕೇಳುವುದೇ ಅದನ್ನು.