ಎರಡನೆಯ ಮರಸು

ಮೊದಲನೆಯ ಮರಸು, ಅಂದರೆ ಜಿಂಕೆಗಾಗಿ ಅಡಗಿ ಕಾಯಲು ಕಂಬಗಳ ಮೇಲೆ ಕಟ್ಟಿದ ಗೂಡು, ಬೀಳಲಿಲ್ಲ. ಅದರ ಬಾಗಿಲು ತೆರೆಯದಾಯಿತು, ಅಷ್ಟೇ. 2018ರ ಮಾರ್ಚ್ ಕೊನೆಯಲ್ಲಿ ಹಿಮ ಕರಗಿದ ಮೇಲೆ ಹೋಗಿ ನೋಡಿದರೆ ನಾಲ್ಕು ಕಂಬಗಳಲ್ಲಿ ಒಂದು ಮೂರು ಇಂಚು ಮೇಲಕ್ಕೆದ್ದಿತ್ತು. ಇಡೀ ಗೂಡು ಓರೆಯಾಗಿ, ಬಾಗಿಲು ಚೌಕಟ್ಟಿನೊಳಗೆ ಕಚ್ಚಿಕೊಂಡಿತ್ತು. ಕಿಟಕಿಯಿಂದ ತಲೆ ತೂರಿಸಿ ನೋಡಿದೆ. ನೆಲದ ಹಲಗೆಯ ಅಂಚು ನೆನೆಸಿಟ್ಟ ಅವಲಕ್ಕಿಯಂತೆ ಉಬ್ಬಿತ್ತು, ಕುರ್ಚಿಯ ಮೆತ್ತೆಯಲ್ಲಿ ಇಲಿಯೊಂದು ಸಂಸಾರ ಹೂಡಿತ್ತು. ನಾನು ಕಟ್ಟಿ ಆಗ ಎರಡು ಚಳಿಗಾಲವಷ್ಟೇ ಕಳೆದಿತ್ತು.

ನಾನು ಕೊಪ್ಪದ ಕಡೆಯವನು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯಲ್ಲಿ ನಮಗೊಂದು ಸಣ್ಣ ಜಮೀನಿದೆ. ಈ ಭಾಗವನ್ನು ಡ್ರಿಫ್ಟ್‌ಲೆಸ್ ಎನ್ನುತ್ತಾರೆ. ಹಿಮಯುಗದಲ್ಲಿ ಸುತ್ತಲಿನ ಸೀಮೆಯನ್ನೆಲ್ಲ ಉಜ್ಜಿ ಚಪ್ಪಟೆ ಮಾಡಿದ ಹಿಮನದಿಗಳು ಇದೊಂದು ತುಂಡನ್ನು ತುಳಿಯದೆ ಬಿಟ್ಟುಹೋದವು. ಹಾಗಾಗಿ ಇಲ್ಲಿ ಗುಡ್ಡ, ಕಣಿವೆ, ತೊರೆ ಎಲ್ಲ ಉಳಿದುಕೊಂಡಿವೆ. ಜಮೀನು ನೋಡಲು ಬಂದ ದಿನ ನನಗೆ ಅದರ ಬೆಲೆಗಿಂತ ಇಳಿಜಾರೇ ಹೆಚ್ಚು ಹಿಡಿಸಿತು.

ನಮ್ಮೂರಿನಲ್ಲಿ ಪ್ರಾಣಿ ಬರುವ ದಾರಿ ನೋಡಿಕೊಂಡು ಅಡಗಿ ಕಾಯುವುದಕ್ಕೆ ಮರಸು ಕೂರುವುದು ಎಂದು ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಹಿರಿಯರ ಬಾಯಲ್ಲಿ ಕಥೆಯಾಗಿ ಉಳಿದಿದೆ, ಹಾಗೆಯೇ ಉಳಿಯಬೇಕಾದದ್ದೂ ಹೌದು. ಇಲ್ಲಿಯ ಲೆಕ್ಕ ಬೇರೆ. ತೋಳಗಳು ಬಹುಪಾಲು ಇಲ್ಲದ ಈ ಕಣಿವೆಗಳಲ್ಲಿ ಬಿಳಿಬಾಲದ ಜಿಂಕೆ ಹೊಲಕ್ಕೂ ಹೆದ್ದಾರಿಗೂ ನುಗ್ಗುವಷ್ಟು ಹೆಚ್ಚಾಗಿದೆ. ಸರ್ಕಾರವೇ ಪರವಾನಗಿ ಕೊಟ್ಟು ಬೇಟೆಯಾಡಿಸುತ್ತದೆ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆಯ ಸುರಕ್ಷತಾ ತರಗತಿ ಪಾಸು ಮಾಡಿರಬೇಕು. ನಲವತ್ತು ದಾಟಿದ ನಾನು ಹನ್ನೆರಡು ವರ್ಷದ ಮಕ್ಕಳ ನಡುವೆ ಕುಳಿತು ಪರೀಕ್ಷೆ ಬರೆದೆ. ಕೋವಿಯ ಮುಖ್ಯ ಹಂಗಾಮು ನವೆಂಬರ್ ಕೊನೆಯಲ್ಲಿ, ಒಂಬತ್ತೇ ದಿನ. ಆ ದಿನಗಳ ಚಳಿಯಲ್ಲಿ ಬಯಲಿನಲ್ಲಿ ನಾಲ್ಕು ಗಂಟೆ ಅಲುಗದೆ ಕೂರಲಾಗದು. ಅದಕ್ಕೇ ಇಲ್ಲಿಯವರು ಕಂಬದ ಮೇಲೊಂದು ಪೆಟ್ಟಿಗೆ ಮನೆ ಕಟ್ಟಿಕೊಳ್ಳುತ್ತಾರೆ. ಅವರು ಬ್ಲೈಂಡ್ ಎನ್ನುತ್ತಾರೆ, ನಾನು ಮರಸು ಎಂದೇ ಕರೆಯುತ್ತೇನೆ.

ಮೊದಲನೆಯದನ್ನು ಕಟ್ಟುವಾಗ ನನ್ನ ತಲೆಯಲ್ಲಿದ್ದದ್ದು ಜಿಂಕೆಯ ಕಣ್ಣು ಮಾತ್ರ. ಹಸಿರು, ಕಂದು, ಕಪ್ಪು ಮಚ್ಚೆಗಳ ಬಣ್ಣ ಬಳಿಯುವುದರಲ್ಲಿ ಎರಡು ವಾರಾಂತ್ಯ ಕಳೆದೆ. ಅಷ್ಟೆಲ್ಲ ಮಾಡಿ ಚಾವಣಿ ಸೋರತೊಡಗಿದಾಗ ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿದೆ! ಜಿಂಕೆಗೆ ಕೆಂಪು, ಕಿತ್ತಳೆ ಮಂಕಾಗಿ ಕಾಣುತ್ತವೆ. ಬೇಟೆಗಾರರು ಕಿತ್ತಳೆ ಅಂಗಿ ತೊಟ್ಟರೂ ನಡೆಯುವುದು ಅದಕ್ಕೇ. ನೀಲಿ ಮಾತ್ರ ಅದರ ಕಣ್ಣಿಗೆ ಚೆನ್ನಾಗಿ ನಾಟುತ್ತದೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಆ ವರ್ಷದ ಹಂಗಾಮು ಮುಗಿದಿತ್ತು.

ಕಂಬ ಎದ್ದ ಸುದ್ದಿಯನ್ನು ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದೆ. ಅವರು ಗದ್ದೆ ಕಾಯುವ ಮಾಳ ಕಟ್ಟಿ ಪಳಗಿದವರು. "ಬುಡ ಸುಟ್ಟು ಹೂಳಿದ್ದೆಯೋ ಇಲ್ಲವೋ?" ಎಂದರು. "ಕೊಳೆಯದಂತೆ ಔಷಧಿ ಕುಡಿಸಿದ ಮರ ಅಪ್ಪಯ್ಯ, ಸುಡಬಾರದು, ಹೊಗೆ ವಿಷ" ಎಂದೆ. "ಹಾಗಾದರೆ ಮಣ್ಣಿಗೆ ಮುಟ್ಟಿಸಲೇಬೇಡ" ಎಂದರು. ನೆಲ ಹೆಪ್ಪುಗಟ್ಟುವುದನ್ನು ಅವರು ಕಂಡವರಲ್ಲ, ಆದರೂ ಮಾತು ಸರಿಯಾಗಿಯೇ ಇತ್ತು.

ಇಲ್ಲಿ ಚಳಿಗಾಲದಲ್ಲಿ ನೆಲ ನಾಲ್ಕು ಅಡಿಯವರೆಗೂ ಹೆಪ್ಪುಗಟ್ಟಬಹುದು. ಮಣ್ಣಿನ ನೀರು ಮಂಜುಗಡ್ಡೆಯಾಗಿ ಉಬ್ಬುವಾಗ ತನ್ನೊಳಗಿರುವುದನ್ನು ಹಿಡಿದು ಮೇಲಕ್ಕೆತ್ತುತ್ತದೆ. ನಾನು ತೋಡಿದ್ದು ಎರಡೇ ಅಡಿ. ಸಾಲದ್ದಕ್ಕೆ ಗುಂಡಿಯ ಬಾಯಿ ಅಗಲವಾಗಿ, ಸುರಿದ ಕಾಂಕ್ರೀಟು ಅಣಬೆಯಂತೆ ಮೇಲ್ಗಡೆ ಹರಡಿಕೊಂಡಿತ್ತು. ಆ ಕೊಡೆಯ ಅಡಿಗೆ ಹೆಪ್ಪು ಕೈಯಿಟ್ಟು ಎತ್ತಿದೆ.

ಎರಡನೆಯದಕ್ಕೆ 2019ರ ಜೂನ್‌ನಲ್ಲಿ ಕೈಹಾಕಿದೆ. ಅದಕ್ಕೆ ಮೊದಲು ಒಂದು ಇಡೀ ಹಂಗಾಮು ಏನನ್ನೂ ಕಟ್ಟದೆ, ಮರದ ಬುಡದಲ್ಲಿ ಕೂತು ಗಾಳಿ ಮತ್ತು ದಾರಿ ನೋಡಿದೆ. ಎರಡು ದಿಬ್ಬಗಳು ಕೂಡುವಲ್ಲಿ ಒಂದು ತಗ್ಗಿದೆ. ಓಕ್ ಮರಗಳ ಕಾಡಿನಿಂದ ಪಕ್ಕದವರ ಮೆಕ್ಕೆಜೋಳದ ಹೊಲಕ್ಕೆ ಹೋಗುವ ಜಿಂಕೆಗಳು ಏರು ಹತ್ತುವ ಶ್ರಮ ಉಳಿಸಲು ಅದೇ ತಗ್ಗಿನಲ್ಲಿ ದಾಟುತ್ತವೆ. ನವೆಂಬರ್‌ನಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹಾಗಾಗಿ ಮರಸು ತಗ್ಗಿನ ಆಗ್ನೇಯಕ್ಕಿರಬೇಕು, ನನ್ನ ವಾಸನೆ ನನ್ನ ಬೆನ್ನ ಹಿಂದಕ್ಕೆ ಹೋಗಬೇಕು. ಜಿಂಕೆಯ ಕಣ್ಣನ್ನು ವಂಚಿಸಬಹುದು, ಮೂಗನ್ನು ಪೆಟ್ಟಿಗೆಯೊಳಗೆ ಕೂತೂ ವಂಚಿಸಲಾಗದು. ಇನ್ನೊಂದು ವಿಷಯವನ್ನು ಮಾತ್ರ ರಾಜಿಯಿಲ್ಲದೆ ನೋಡಿದೆ: ಗುಂಡು ಹಾರಬಹುದಾದ ಪ್ರತಿ ದಿಕ್ಕಿನಲ್ಲೂ ಹಿಂದೆ ಗುಡ್ಡದ ಮಣ್ಣೇ ಇರಬೇಕು. ರಸ್ತೆ, ಮನೆ, ಆಕಾಶ ಇರುವ ಕಡೆ ಕಿಟಕಿಯನ್ನೇ ಇಡಲಿಲ್ಲ. ಗುರಿ ತಪ್ಪಿದ ಈಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಗೊತ್ತಿಲ್ಲದ ಜಾಗ ಎಷ್ಟು ಒಳ್ಳೆಯದಾದರೂ ಬೇಡ.

ಅಳತೆಗೆ ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಪ್ಲೈವುಡ್ ಹಾಳೆ ಬರುವುದು 4 ಅಡಿಗೆ 8 ಅಡಿ. ನೆಲವನ್ನು 6 ಅಡಿಗೆ 8 ಅಡಿ ಇಟ್ಟರೆ ಒಂದೂವರೆ ಹಾಳೆ ಸಾಕು, ಚೂರೂ ವ್ಯರ್ಥವಾಗುವುದಿಲ್ಲ. ಇನ್ನೊಂದು ಲಾಭವೂ ಇದೆ. 6 ಮತ್ತು 8 ಅಡಿಯ ಚೌಕಟ್ಟಿನ ಕರ್ಣ ಸರಿಯಾಗಿ 10 ಅಡಿ. ಎರಡೂ ಕರ್ಣಗಳಿಗೆ ಟೇಪು ಹಿಡಿದು 10 ಅಡಿ ಬಂದರೆ ಮೂಲೆಗಳು ನೆಟ್ಟಗಿವೆ ಎಂದರ್ಥ, ಮೂಲೆಮಟ್ಟವೂ ಬೇಡ. ಕಿಟಕಿಯ ಎತ್ತರ ಗೊತ್ತುಮಾಡಲು ಮಾತ್ರ ನಾಟಕ ಆಡಬೇಕಾಯಿತು. ಮೇ ತಿಂಗಳ ಸೆಕೆಯಲ್ಲಿ ದಪ್ಪ ಕೋಟು, ಬೂಟು ತೊಟ್ಟು, ಅದೇ ಕುರ್ಚಿಯಲ್ಲಿ ಕೂತು, ಪೊರಕೆಯನ್ನು ಕೋವಿಯಂತೆ ಹಿಡಿದೆ. ಹೆಂಡತಿ ನಗು ತಡೆದುಕೊಂಡು ಅಳತೆ ತೆಗೆದುಕೊಟ್ಟಳು. ನೆಲದಿಂದ 34 ಇಂಚಿಗೆ ಕಿಟಕಿಯ ತಳ, ಅಲ್ಲಿಂದ 10 ಇಂಚು ಎತ್ತರ, 32 ಇಂಚು ಅಗಲ. ಬೇರೆಯವರ ನಕ್ಷೆಯ ಅಳತೆ ಹಿಡಿದು ಕಟ್ಟಿದ್ದರೆ ಮೊದಲಿನಂತೆ ಕತ್ತು ಉದ್ದ ಮಾಡಿ ನೋಡಬೇಕಾಗುತ್ತಿತ್ತು.

ಗುಂಡಿ ತೋಡುವ ಮೊದಲು 811ಕ್ಕೆ ಕರೆ ಮಾಡಿದೆ. ನೆಲದಡಿ ವಿದ್ಯುತ್, ಗ್ಯಾಸ್ ಸಾಲುಗಳಿದ್ದರೆ ಗುರುತು ಹಾಕಿ ಹೋಗುತ್ತಾರೆ, ಹಣವಿಲ್ಲ. ನಮ್ಮದರಲ್ಲಿ ಏನೂ ಇರಲಿಲ್ಲ, ಕಲ್ಲೊಂದನ್ನು ಬಿಟ್ಟು. ಬಾಡಿಗೆಗೆ ತಂದ ಕೊರೆಯುವ ಯಂತ್ರ ಮೂರು ಗುಂಡಿ ಸಲೀಸಾಗಿ ತೋಡಿ, ನಾಲ್ಕನೆಯದರಲ್ಲಿ ಎರಡೂವರೆ ಅಡಿಗೆ ಸುಣ್ಣಕಲ್ಲಿಗೆ ತಾಗಿ ನಿಂತಿತು. ಹಾರೆ ಹಿಡಿದು ಮಧ್ಯಾಹ್ನದವರೆಗೆ ಗುದ್ದಿ, ಕೊನೆಗೆ ಸೋತು, ಇಡೀ ನಕ್ಷೆಯನ್ನು ಮೂರು ಅಡಿ ಪೂರ್ವಕ್ಕೆ ಸರಿಸಿ ಮತ್ತೆ ನಾಲ್ಕು ಗುಂಡಿ ತೋಡಿದೆ. ಪಕ್ಕದ ಜಮೀನಿನ ಮುದುಕ ಬಂದು, ಮೊದಲು ಒಂದು ಕಬ್ಬಿಣದ ಸರಳು ಬಡಿದು ನೋಡಬೇಕಿತ್ತು ಎಂದ. ಹೌದು, ನೋಡಬೇಕಿತ್ತು.

ಗುಂಡಿ ಒಂದಡಿ ಅಗಲ, ನಾಲ್ಕಡಿ ಆಳ. ಒಳಗೆ ದಪ್ಪ ರಟ್ಟಿನ ಕೊಳವೆ ಇಳಿಸಿ, ಅದು ನೆಲದಿಂದ ಆರಿಂಚು ಮೇಲೆ ಬರುವಂತೆ ನಿಲ್ಲಿಸಿ ಕಾಂಕ್ರೀಟು ತುಂಬಿದೆ. ಕೊಳವೆಯಿದ್ದರೆ ಬದಿ ನುಣುಪಾಗಿರುತ್ತದೆ, ಹೆಪ್ಪಿಗೆ ಹಿಡಿ ಸಿಗುವುದಿಲ್ಲ. ಒಂದೊಂದಕ್ಕೆ 80 ಪೌಂಡಿನ ಆರು ಚೀಲ, ಒಟ್ಟು 24 ಚೀಲ. ಅವನ್ನು ಗುಡ್ಡ ಹತ್ತಿಸಿದ್ದೇ ಈ ಕೆಲಸದ ಅತಿ ದೊಡ್ಡ ಕಷ್ಟ. ಮುದುಕನ ಸಣ್ಣ ಟ್ರ್ಯಾಕ್ಟರ್ ಇಲ್ಲದಿದ್ದರೆ ನನ್ನ ಸೊಂಟ ಅಲ್ಲೇ ಉಳಿಯುತ್ತಿತ್ತು. ಹಸಿ ಕಾಂಕ್ರೀಟಿನಲ್ಲಿ ಬೋಲ್ಟು ನೆಟ್ಟು, ಗಟ್ಟಿಯಾದ ಮೇಲೆ ಉಕ್ಕಿನ ಪಾದ ಬಿಗಿದು, ಅದರೊಳಗೆ ಮರದ ಕಂಬ ಕೂರಿಸಿದೆ. ಕಂಬದ ತುದಿ ಕಾಂಕ್ರೀಟಿನಿಂದಲೂ ಒಂದಿಂಚು ಮೇಲೆ ನಿಲ್ಲುತ್ತದೆ. ಅಪ್ಪಯ್ಯನ ಮಾತು ನಡೆಸಿದಂತಾಯಿತು. ಇಂಥ ಪಾದ ಕಂಬವನ್ನು ಅಲುಗದಂತೆ ಹಿಡಿಯುವುದಿಲ್ಲ, ಬುಡದಲ್ಲಿ ತೊನೆಯಲು ಬಿಡುತ್ತದೆ. ಆದ್ದರಿಂದ ನಾಲ್ಕೂ ಬದಿಗೆ ಅಡ್ಡಪಟ್ಟಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಲೇಬೇಕು. ಒಂದು ಬದಿ ಬಿಟ್ಟರೂ ಮೇಲೆ ಕೂತವನಿಗೆ ದೋಣಿಯಲ್ಲಿ ಕೂತಂತಿರುತ್ತದೆ.

ಮೊಳೆ, ಬೋಲ್ಟುಗಳ ವಿಷಯದಲ್ಲಿ ಕಿಲುಬುತನ ಬೇಡ. ಈಗಿನ ಔಷಧಿ ಮರದಲ್ಲಿ ತಾಮ್ರದ ಪ್ರಮಾಣ ಹೆಚ್ಚು. 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೂ ಆರ್ಸೆನಿಕ್ ಬೆರೆತ ಔಷಧಿ ಹಾಕುತ್ತಿದ್ದರು. ಅದು ನಿಂತ ಮೇಲೆ ತಾಮ್ರದ ಪಾಲು ಏರಿತು, ಸಾದಾ ಕಬ್ಬಿಣವನ್ನು ಅದು ತಿಂದುಹಾಕುತ್ತದೆ. ಮೊದಲ ಮರಸಿನ ಸ್ಕ್ರೂಗಳನ್ನು ಬಿಚ್ಚುವಾಗ ಅರ್ಧ ತಲೆ ಕೈಗೆ ಬಂತು, ಅರ್ಧ ಮರದಲ್ಲೇ ಉಳಿಯಿತು. ಈ ಸಲ ಎಲ್ಲವೂ ಬಿಸಿ ಸತುವಿನಲ್ಲಿ ಅದ್ದಿದವು. ಔಷಧಿ ಮರ ಅಂಗಡಿಯಿಂದ ಹಸಿಯಾಗಿಯೇ ಬರುತ್ತದೆ, ಒಣಗಿದಂತೆ ಸೊರಗುತ್ತದೆ. ಮುಂದಿನ ಬೇಸಿಗೆಯಲ್ಲಿ ಪ್ರತಿ ಬೋಲ್ಟೂ ಮುಕ್ಕಾಲು ಸುತ್ತು ಸಡಿಲಾಗಿತ್ತು. ಬಿಗಿದೆ.

ನೀರಿನ ದಾರಿ ನನಗೆ ಅರ್ಥವಾದದ್ದು ಹಳೆಯದನ್ನು ಕಳಚುವಾಗ. ಅಲ್ಲಿ ಗೋಡೆಯನ್ನು ನೆಲದ ಹಲಗೆಯ ಮೇಲೆ ನಿಲ್ಲಿಸಿದ್ದೆ. ಗೋಡೆಯಿಂದ ಇಳಿದ ನೀರು ನೇರ ಆ ಸಂದಿಗೆ ಹೋಗಿ ನಿಲ್ಲುತ್ತಿತ್ತು. ಹಲಗೆಯೂ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಅಗ್ಗದ್ದು. ಈ ಸಲ ಹೊರಗೋಡೆಯ ಹಾಳೆಯನ್ನು ನೆಲದ ಅಂಚು ದಾಟಿ ಎರಡಿಂಚು ಕೆಳಗಿಳಿಸಿದೆ, ನೀರು ಅಲ್ಲಿಂದ ತೊಟ್ಟಿಕ್ಕಿ ಬೀಳುತ್ತದೆ. ಹಾಳೆ ಕತ್ತರಿಸಿದ ಪ್ರತಿ ಅಂಚಿಗೂ ಜೋಡಿಸುವ ಮೊದಲೇ ಎರಡು ಸಲ ಬಣ್ಣ ಕುಡಿಸಿದೆ. ಚಾವಣಿಗೆ ತಗಡು, ಮುಂಭಾಗ ಏಳೂವರೆ ಅಡಿ, ಹಿಂಭಾಗ ಆರಡಿ. ಹಿಮ ಜಾರಲು ಅಷ್ಟು ಇಳಿಜಾರು ಬೇಕು. ಸುತ್ತ ಒಂದಡಿ ಸೂರು ಚಾಚಿದೆ. ಮಲೆನಾಡಿನವನಿಗೆ ಸೂರು ಗಿಡ್ಡವಾದರೆ ಏನಾಗುತ್ತದೆಂದು ಹೇಳಿಕೊಡಬೇಕಿರಲಿಲ್ಲ, ಆದರೂ ಮೊದಲ ಸಲ ಮರೆತಿದ್ದೆ.

ಸದ್ದಿನ ಕಥೆ ಬೇರೆಯೇ. ಮೊದಲ ಮರಸಿನಲ್ಲಿ ಒಂದು ಬೆಳಗ್ಗೆ ಇಪ್ಪತ್ತು ಗಜದ ಹತ್ತಿರಕ್ಕೆ ಬಂದ ಗಂಡು ಜಿಂಕೆ, ನಾನು ಕಿಟಕಿ ಎತ್ತಿದೊಡನೆ ಬಿಜಾಗರಿ ಕೀರೆಂದು ಅತ್ತದ್ದೇ, ಬಾಲ ಎತ್ತಿ ಮಾಯವಾಯಿತು. ಎಣ್ಣೆ ಹಾಕಿ ನೋಡಿದೆ, ಚಳಿಗೆ ಎಣ್ಣೆಯೇ ಗಟ್ಟಿಯಾಯಿತು. ಆಗ ನೆನಪಾದದ್ದು ಊರಿನ ತೋಟದ ದಣಪೆ ಬಾಗಿಲುಗಳಿಗೆ ಹಳೆಯ ಟಯರಿನ ತುಂಡು ಹೊಡೆದು ಮಾಡುವ ಬಿಜಾಗರಿ. ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಅದನ್ನೇ ಮಾಡಿದೆ. ಮೈನಸ್ ಹದಿನೈದರಲ್ಲಿ ಸ್ವಲ್ಪ ಬಿರುಸಾಗುತ್ತದೆ, ಆದರೆ ಉಸಿರೆತ್ತುವುದಿಲ್ಲ. ಚೌಕಟ್ಟಿನ ಸುತ್ತ ಉಣ್ಣೆಯ ಪಟ್ಟಿ ಅಂಟಿಸಿದೆ. ನೆಲಕ್ಕೆ ಮೊಳೆಯ ಬದಲು ಸ್ಕ್ರೂ, ಮೇಲೆ ಕುದುರೆ ಲಾಯಕ್ಕೆ ಹಾಸುವ ರಬ್ಬರ್ ಚಾಪೆ. ರತ್ನಗಂಬಳಿ ಹಾಸುವವರಿದ್ದಾರೆ, ಅದು ತೇವ ಹೀರಿಕೊಂಡು ಅಡಿಯ ಹಲಗೆಯನ್ನು ಕೊಳೆಸುತ್ತದೆ. ಒಳಗೋಡೆಗೆ ಕಪ್ಪು ಬಣ್ಣ ಬಳಿದು, ಒಮ್ಮೆಗೆ ಒಂದು ಬದಿಯ ಕಿಟಕಿ ಮಾತ್ರ ತೆರೆಯುತ್ತೇನೆ. ಎದುರುಬದುರು ತೆರೆದರೆ ಹಿಂದಿನ ಬೆಳಕಿನಲ್ಲಿ ನನ್ನ ಆಕಾರ ಕಾಣುತ್ತದೆ. ಹೊರಗೆ ಒಂದೇ ಬೂದುಗಂದು ಬಣ್ಣ. ಮಚ್ಚೆಗಳ ಚಿತ್ರಕಲೆ ಬಿಟ್ಟೆ. ಜಿಂಕೆಗಳು ಜುಲೈನಿಂದ ಅದನ್ನು ನೋಡುತ್ತಲೇ ಬಂದು, ನವೆಂಬರ್ ಹೊತ್ತಿಗೆ ಬಂಡೆಯಷ್ಟೇ ಸಹಜವಾಗಿ ಎಣಿಸುತ್ತವೆ. ಅಕ್ಟೋಬರ್ ಕೊನೆಯಲ್ಲಿ ಕಟ್ಟಿದರೆ ಹಾಗಾಗುವುದಿಲ್ಲ.

ನೆಲದಿಂದ ಆರಡಿ ಎತ್ತರಕ್ಕೆ ನೇರ ಏಣಿ ಬೇಡವೆಂದು ಓರೆ ಮೆಟ್ಟಿಲು, ಎರಡೂ ಕಡೆ ಹಿಡಿಕೆ ಮಾಡಿದೆ. ಕತ್ತಲಲ್ಲಿ, ದಪ್ಪ ಬೂಟಿನಲ್ಲಿ, ಹಿಮ ಕೂತ ಮೆಟ್ಟಿಲ ಮೇಲೆ ಹತ್ತುವುದು. ಜಾರದಿರಲೆಂದು ಮೆಟ್ಟಿಲಿಗೆ ಚಾವಣಿ ತಗಡಿನ ಜೊತೆ ಉಳಿದ ಒರಟು ಡಾಂಬರು ಹಾಳೆ ಹೊಡೆದೆ. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹತ್ತುವುದಿಲ್ಲ. ತೋಟೆ ತೆಗೆದು ಕೆಳಗಿಟ್ಟು, ಮೇಲೆ ಹೋಗಿ ಹಗ್ಗದಿಂದ ಎಳೆದುಕೊಳ್ಳುತ್ತೇನೆ. ಗ್ಯಾಸ್ ಒಲೆ ಹಚ್ಚಿದರೆ ಎರಡು ಕಿಟಕಿ ಬೆರಳಗಲ ತೆರೆದಿರಲೇಬೇಕು. ಇಷ್ಟು ಬಿಗಿಯಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಒಂದು ಅಲಾರಂ ಗೋಡೆಗೆ ತೂಗಿಸಿದ್ದೇನೆ. ನಿಜ ಹೇಳಬೇಕೆಂದರೆ ಈಚೆಗೆ ಒಲೆ ಬಿಟ್ಟು ಕಂಬಳಿಯೇ ಒಯ್ಯುತ್ತೇನೆ.

ಎಲ್ಲ ಸೇರಿ ಸುಮಾರು 1,400 ಡಾಲರ್, ಒಂಬತ್ತು ವಾರಾಂತ್ಯ. ಮೊದಲನೆಯದಕ್ಕೆ 500 ಆಗಿತ್ತು, ಅದರಲ್ಲಿ ಮರಳಿ ಬಳಕೆಗೆ ಬಂದದ್ದು ಕುರ್ಚಿ ಮಾತ್ರ, ಅದೂ ಮೆತ್ತೆ ಬದಲಿಸಿ. ಆ ಇಲಿಯ ದೆಸೆಯಿಂದ ಈಗ ಪ್ರತಿ ಸಂದಿಗೂ ಉಕ್ಕಿನ ನಾರು ತುರುಕಿದ್ದೇನೆ. ಕಣಜಗಳಿಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಆಗಸ್ಟ್‌ನಲ್ಲಿ ಬಾಗಿಲು ತೆರೆಯುವ ಮೊದಲು ಗೋಡೆಗೆ ಎರಡು ಸಲ ಬಡಿದು, ಹತ್ತು ಹೆಜ್ಜೆ ದೂರ ನಿಂತು ನೋಡುವುದು ರೂಢಿಯಾಗಿದೆ.

ಮೊದಲ ವರ್ಷವೇ ಒಂದು ಹೆಣ್ಣು ಜಿಂಕೆ ಸಿಕ್ಕಿತು. ಈ ಭಾಗದ ಜಿಂಕೆಗಳಲ್ಲಿ 2002ರಿಂದ ಮಿದುಳನ್ನು ಸವೆಸುವ ಕಾಯಿಲೆಯೊಂದು ಕಾಣಿಸಿಕೊಂಡಿದೆ. ಕತ್ತಿನ ಗ್ರಂಥಿಯ ಮಾದರಿ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟು ಕಾದೆವು. ಆಮೇಲೆ ಹೆಂಡತಿ ಕಾಳುಮೆಣಸು ಹಾಕಿ ಹುರಿದಳು.

ಆರು ಚಳಿಗಾಲ ಕಳೆದಿವೆ. ಪ್ರತಿ ಏಪ್ರಿಲ್‌ನಲ್ಲಿ ನೆಲದ ಮೇಲೆ ರಸಮಟ್ಟ ಇಟ್ಟು ನೋಡುತ್ತೇನೆ, ಗುಳ್ಳೆ ಇನ್ನೂ ನಡುಗೆರೆ ಬಿಟ್ಟು ಕದಲಿಲ್ಲ. ಉತ್ತರದ ಕಿಟಕಿಯ ಟ್ಯೂಬು ಮಾತ್ರ ಸೀಳು ಬಿಟ್ಟಿದೆ, ಜೋರು ಗಾಳಿಗೆ ಪಟಪಟ ಎನ್ನುತ್ತದೆ. ಸದ್ಯಕ್ಕೆ ಮಡಿಸಿದ ರಟ್ಟು ಸಿಕ್ಕಿಸಿದ್ದೇನೆ. ಮುದುಕ ಹಳೆಯ ಟ್ಯೂಬು ಕೊಡುತ್ತೇನೆಂದಿದ್ದಾನೆ, ಕಣಜಗಳು ಬಿಟ್ಟರೆ ಈ ಆಗಸ್ಟ್‌ನಲ್ಲಿ ಬದಲಿಸಬೇಕು.