ಸರ್ಕಾರಿ ಸೇವೆಯನ್ನು ಒಬ್ಬೊಬ್ಬರಿಗೂ ಹೊಂದುವಂತೆ ಮಾಡುವುದು ಹೇಗೆ?

ಇಲಾಖೆಯ ಸೇವೆಗಳನ್ನು ಸುಧಾರಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ, ಮೊದಲು ಆ್ಯಪ್ ಮಾಡಿಸಲು ಓಡಬೇಡಿ. ಜನರ ಬದುಕಿನಲ್ಲಿ ಏನಾಯಿತು ಅನ್ನುವಲ್ಲಿಂದ ಶುರು ಮಾಡಿ. ಮಗು ಹುಟ್ಟಿತು, ಕೆಲಸ ಹೋಯಿತು, ಮನೆಯಲ್ಲಿ ಒಬ್ಬರು ತೀರಿಕೊಂಡರು. ಇಂಥ ಒಂದನ್ನು ಮಾತ್ರ ಆರಿಸಿಕೊಳ್ಳಿ. ಅದಕ್ಕಾಗಿ ಎಷ್ಟು ಕೌಂಟರ್ ಸುತ್ತಬೇಕು, ಅದೇ ದಾಖಲೆಯನ್ನು ಎಷ್ಟು ಸಲ ಕೊಡಬೇಕು ಅಂತ, ಅದನ್ನೆಲ್ಲ ಅನುಭವಿಸಿದವರ ಜೊತೆಗೇ ಕೂತು ಬರೆದುಕೊಳ್ಳಿ.

ಆಮೇಲೆ, ಸರ್ಕಾರದ ಹತ್ತಿರ ಈಗಾಗಲೇ ಇರುವ ಮಾಹಿತಿಯನ್ನು ಮತ್ತೆ ಕೇಳುವುದನ್ನು ನಿಲ್ಲಿಸಿ. ಎಸ್ಟೋನಿಯಾದಲ್ಲಿ 2001ರಿಂದ ಎಕ್ಸ್-ರೋಡ್ ಎಂಬ ವ್ಯವಸ್ಥೆ ಇಲಾಖೆಗಳ ನಡುವೆ ಮಾಹಿತಿ ಸಾಗಿಸುತ್ತಿದೆ. 2019ರಿಂದ ಅಲ್ಲಿ ಮಗುವಿನ ಜನನ ನೋಂದಣಿಯಾದರೆ ಯಾವ ಭತ್ಯೆ ಸಿಗುತ್ತದೆ ಅಂತ ಸರ್ಕಾರವೇ ತಿಳಿಸುತ್ತದೆ, ಹೆತ್ತವರು ಒಪ್ಪಿಗೆ ಕೊಟ್ಟರೆ ಸಾಕು. ತಮ್ಮ ಮಾಹಿತಿಯನ್ನು ಯಾರು ನೋಡಿದರು ಅನ್ನುವುದೂ ಜನರಿಗೆ ಕಾಣಬೇಕು, ಅದಿಲ್ಲದೆ ನಂಬಿಕೆ ಹುಟ್ಟುವುದಿಲ್ಲ.

ಮುಂದಿನದು ನಿಜಕ್ಕೂ ಕಷ್ಟದ ಕೆಲಸ. ನಿರ್ಧಾರವನ್ನು ಸೇವೆ ಪಡೆಯುವವರ ಕೈಗೆ ಕೊಡಿ. ಬ್ರಿಟನ್ನಿನ 1996ರ ಕಾನೂನು, ಆರೈಕೆ ಸೇವೆಯ ಬದಲು ಅಂಗವಿಕಲರಿಗೆ ಹಣವನ್ನೇ ಕೊಡಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಮಾಡಿತು. ಅದು ಅಂಗವಿಕಲರೇ ಹೋರಾಡಿ ಪಡೆದದ್ದು. ಸಹಾಯಕರಾಗಿ ಯಾರು ಬರಬೇಕು, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು ಅಂತ ಅವರೇ ತೀರ್ಮಾನಿಸುವುದು ಎಷ್ಟು ದೊಡ್ಡ ಬದಲಾವಣೆ ಅಲ್ವಾ! ಆದರೆ ಸುಮ್ನೆ ಹಣ ಕೊಟ್ಟು ಕೈತೊಳೆದುಕೊಂಡರೆ ಹೊರೆಯೆಲ್ಲ ಅವರ ಮೇಲೇ ಬೀಳುತ್ತದೆ. ಲೆಕ್ಕ ಇಡಲು, ಸಹಾಯಕರನ್ನು ಹುಡುಕಲು ನೆರವು ಕೊಡಿ. ಇದೆಲ್ಲ ನಮಗೆ ಬೇಡ, ನೀವೇ ನೋಡಿಕೊಳ್ಳಿ ಅನ್ನುವವರಿಗೆ ಹಳೆಯ ದಾರಿಯೂ ತೆರೆದಿರಲಿ.

ಒಂದು ಅಪಾಯ ಇದೆ. ಜನರ ಮಾಹಿತಿ ಕೈಗೆ ಬಂದ ಕೂಡಲೇ ಅವರು ಎಂಥವರು ಅಂತ ಊಹಿಸುವ ಆಸೆ ಹುಟ್ಟುತ್ತದೆ. ನೆದರ್ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆ ಭತ್ಯೆಯ ವಂಚಕರನ್ನು ಹುಡುಕಲು ಬಳಸಿದ ವ್ಯವಸ್ಥೆ ಪೌರತ್ವವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಸಾವಿರಾರು ಕುಟುಂಬಗಳ ಮೇಲೆ ಸುಳ್ಳು ಆರೋಪ ಬಂತು, ಸಾಲದಲ್ಲಿ ಮುಳುಗಿದವು. ಆ ಹಗರಣದಿಂದಾಗಿ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಹಾಗಾಗಿ ಒಬ್ಬರಿಗೆ ಸೇವೆ ಇಲ್ಲ ಅಂದರೆ ಯಾಕೆ ಅಂತ ಸರಳವಾಗಿ ಬರೆದು ಕೊಡಿ. ಆ ತೀರ್ಮಾನವನ್ನು ಬದಲಿಸುವ ಅಧಿಕಾರ ಇರುವ ಒಬ್ಬ ಮನುಷ್ಯ ಫೋನಿಗೆ ಸಿಗಲೇಬೇಕು.

ಕೊನೆಗೆ, ವಿಲೇವಾರಿಯಾದ ಅರ್ಜಿಗಳನ್ನಷ್ಟೇ ಎಣಿಸಬೇಡಿ. ಅರ್ಹತೆ ಇದ್ದೂ ಅರ್ಜಿ ಹಾಕದವರು, ಅರ್ಧಕ್ಕೇ ಬಿಟ್ಟವರು ಯಾರು ಅಂತ ಹುಡುಕಿ, ಅವರನ್ನು ಮಾತಾಡಿಸಿ. ಮುಂದೆ ಏನು ಬದಲಿಸಬೇಕು ಅಂತ ಅವರಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಾರರು.