ಕುರ್ಚಿ ತಾನಾಗಿಯೇ ಕೆಳಗಿಳಿದರೆ ಜನ ಏನೆಂದು ಹುಡುಕುತ್ತಾರೆ?

ಆಫೀಸ್ ಕುರ್ಚಿಗಳ ಬಿಡಿಭಾಗ ಮಾರುವ ಒಂದು ಕಂಪನಿಗೆ ವೆಬ್‌ಸೈಟ್ ಬರೆದುಕೊಡುತ್ತಿದ್ದೆ. ಅವರು ಕಳಿಸಿದ ಪಟ್ಟಿಯ ತಲೆಯಲ್ಲೇ ‘ನ್ಯೂಮ್ಯಾಟಿಕ್ ಹೈಟ್ ಅಡ್ಜಸ್ಟ್‌ಮೆಂಟ್ ಸಿಲಿಂಡರ್’ ಎಂದಿತ್ತು, ಅಂದರೆ ಕುರ್ಚಿಯನ್ನು ಏರಿಸಿ ಇಳಿಸುವ ಗ್ಯಾಸ್ ಲಿಫ್ಟ್. ಅದನ್ನೇ ಶೀರ್ಷಿಕೆಗೆ, ಮೊದಲ ಪ್ಯಾರಾಗೆ, ಚಿತ್ರಗಳ ವಿವರಣೆಗೆ ಶ್ರದ್ಧೆಯಿಂದ ತುಂಬಿದೆ. ಮೂರು ತಿಂಗಳಾದರೂ ಆ ಪುಟದತ್ತ ಯಾರೂ ತಲೆಹಾಕಲಿಲ್ಲ.

ಕೊನೆಗೆ ಅವರ ಕಚೇರಿಯಲ್ಲಿ ಫೋನ್ ಎತ್ತುವವರ ಪಕ್ಕ ಅರ್ಧ ದಿನ ಕೂತೆ. ಕರೆ ಮಾಡಿದವರಲ್ಲಿ ಒಬ್ಬರ ಬಾಯಲ್ಲೂ ‘ಸಿಲಿಂಡರ್’ ಬರಲಿಲ್ಲ. “ಕೂತರೆ ಕುರ್ಚಿ ತಾನಾಗಿಯೇ ಕೆಳಗಿಳಿಯುತ್ತೆ” ಎಂದರು. “ಲಿವರ್ ಎತ್ತಿದರೂ ಮೇಲೆ ಬರ್ತಿಲ್ಲ” ಎಂದರು. ನಾನು ಮೂರು ತಿಂಗಳು ಬರೆಯದೇ ಬಿಟ್ಟಿದ್ದ ಕೀವರ್ಡ್‌ಗಳು, ಅಂದರೆ ಜನ ಹುಡುಕಲು ಬಳಸುವ ಮಾತುಗಳು, ಅವೇ.

ಈಗ ಯಾವ ಟೂಲ್ ತೆರೆಯುವ ಮುಂಚೆಯೂ ಗ್ರಾಹಕರ ಮಾತು ಕೂಡಿಹಾಕುತ್ತೇನೆ. ಕರೆ, ಇಮೇಲ್, ದೂರು, ವಿಮರ್ಶೆ, ಎಲ್ಲಿಂದಾದರೂ ಸರಿ, ಮೂವತ್ತು ನಲವತ್ತು ವಾಕ್ಯ ಬೇಕು. ವ್ಯಾಕರಣ ತಿದ್ದಬೇಡಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೇ ಗೂಗಲ್‌ನಲ್ಲಿ ಅರ್ಧ ಟೈಪ್ ಮಾಡಿ ನಿಲ್ಲಿಸಿ. ಮಿಕ್ಕಿದ್ದನ್ನು ಅದೇ ಸೂಚಿಸುತ್ತದೆ, ಆ ಸೂಚನೆಗಳೂ ಪಟ್ಟಿಗೆ ಸೇರಲಿ.

ಇಷ್ಟಾದ ಮೇಲೆ, ಯಾವ ಮಾತನ್ನು ಎಷ್ಟು ಸಲ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್‌ನ ಕೀವರ್ಡ್ ಪ್ಲಾನರ್. ಅದು ಮೂಲತಃ ಜಾಹೀರಾತು ಕೊಡುವವರ ಸಾಧನ. ಹಣ ಹಾಕದ ಖಾತೆಗಳಿಗೆ ತಿಂಗಳಿಗೆ 1,000ದಿಂದ 10,000 ಹುಡುಕಾಟ ಎಂಬಂಥ ದೊಗಳೆ ಅಂದಾಜನ್ನಷ್ಟೇ ತೋರಿಸುತ್ತದೆ. ಎರಡು ಮಾತುಗಳಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಎಂದು ತೂಗಿ ನೋಡಲು ಅಷ್ಟು ಸಾಕು. ಸಂಖ್ಯೆ ಚಿಕ್ಕದೆಂದು ಉದ್ದನೆಯ ಮಾತುಗಳನ್ನು ಹೊಡೆದುಹಾಕಬೇಡಿ. ‘ಕುರ್ಚಿ’ ಎಂದಷ್ಟೇ ಹುಡುಕುವವರ ಮನಸ್ಸಲ್ಲಿ ಏನಿದೆಯೋ ಯಾರು ಬಲ್ಲರು! ‘ಆಫೀಸ್ ಕುರ್ಚಿ ಗ್ಯಾಸ್ ಲಿಫ್ಟ್ ಅಳತೆ’ ಎಂದು ಹುಡುಕುವವರ ಕೈಯಲ್ಲಿ ಆಗಲೇ ಟೇಪು ಇರುತ್ತದೆ.

ಇಲ್ಲಿ ಒಂದು ವಿಂಗಡಣೆ ಆಗಬೇಕು. ‘ಯಾಕೆ ಕೆಳಗಿಳಿಯುತ್ತೆ’ ಎನ್ನುವವರಿಗೆ ಕಾರಣ ಬೇಕು. ‘ಗ್ಯಾಸ್ ಲಿಫ್ಟ್ ಬೆಲೆ’ ಎನ್ನುವವರಿಗೆ ಅಳತೆ, ದರ, ಕೊಳ್ಳುವ ಬಟನ್ ಬೇಕು. ಎರಡನ್ನೂ ಒಂದೇ ಪುಟಕ್ಕೆ ತುರುಕಿದರೆ ಇಬ್ಬರಿಗೂ ಬೇಸರ. ಹಾಗೆಂದು ‘ಕುರ್ಚಿ ಇಳಿಯುತ್ತೆ’, ‘ಕುರ್ಚಿ ಕುಸಿಯುತ್ತೆ’, ‘ಕುರ್ಚಿ ಜಾರುತ್ತೆ’ ಎಂದು ಮೂರು ಪುಟ ಮಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ: ನಿಮ್ಮ ಪುಟಗಳೇ ಒಂದಕ್ಕೊಂದು ಅಡ್ಡ ಬರುತ್ತವೆ. ಮೂರರ ಹಿಂದಿನ ಪ್ರಶ್ನೆ ಒಂದೇ, ಪುಟವೂ ಒಂದೇ ಇರಲಿ. 2019ರಲ್ಲಿ ಗೂಗಲ್ ಸರ್ಚ್‌ಗೆ ‘ಬರ್ಟ್’ ಎಂಬ ಭಾಷಾ ಮಾದರಿ ಸೇರಿತು. ಹುಡುಕಾಟದ ಮಾತನ್ನು ಬಿಡಿ ಬಿಡಿ ಪದವಾಗಿ ನೋಡದೆ ಸಂದರ್ಭದ ಜೊತೆ ಓದುವುದು ಅದರ ಕೆಲಸ.

ಪದ ಎಲ್ಲಿಡಬೇಕು? ಗೂಗಲ್ ಫಲಿತಾಂಶದಲ್ಲಿ ಕಾಣುವ ಟೈಟಲ್‌ನಲ್ಲಿ, ಅದರಲ್ಲೂ ಆರಂಭದಲ್ಲಿ, ಯಾಕೆಂದರೆ ಮೊಬೈಲಿನಲ್ಲಿ ಬಾಲ ಕತ್ತರಿಸಿಹೋಗುತ್ತದೆ. ಪುಟದ ಮುಖ್ಯ ತಲೆಬರಹದಲ್ಲಿ, ಮೊದಲ ಎರಡು ವಾಕ್ಯಗಳಲ್ಲಿ. ಬೇರೆ ಪುಟದಿಂದ ಇಲ್ಲಿಗೆ ಕೊಂಡಿ ಕೊಡುವಾಗ ‘ಇಲ್ಲಿ ಒತ್ತಿ’ ಎನ್ನುವ ಬದಲು ‘ಗ್ಯಾಸ್ ಲಿಫ್ಟ್ ಬದಲಿಸುವ ಬಗೆ’ ಎನ್ನಿ. ಮೆಟಾ ಡಿಸ್ಕ್ರಿಪ್ಷನ್, ಅಂದರೆ ಪುಟದ ಚುಟುಕು ವಿವರಣೆ, ಬರೆದ ಮಾತ್ರಕ್ಕೆ ಪುಟ ಮೇಲೇರುವುದಿಲ್ಲ. ಆದರೆ ಫಲಿತಾಂಶದ ಕೆಳಗೆ ಅದು ಕಾಣಿಸಿಕೊಳ್ಳಬಹುದು, ಆದ್ದರಿಂದ ಗ್ರಾಹಕರಿಗೆ ಹೇಳುವ ಮಾತಿನಂತೆ ಬರೆಯಿರಿ. ಇನ್ನು ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳ ಪಟ್ಟಿ ಬರೆದಿಡುವ ಮೆಟಾ ಕೀವರ್ಡ್ಸ್ ಟ್ಯಾಗ್: ರ‍್ಯಾಂಕಿಂಗ್‌ಗೆ ಅದನ್ನು ಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಈಗಲೂ ಅದನ್ನು ತುಂಬಿಕೊಡಲು ಹಣ ಕೇಳುವವರಿದ್ದಾರೆ, ಕೊಡಬೇಡಿ.

“ಶೇಕಡಾ ಎಷ್ಟು ಸಲ ಹಾಕಬೇಕು?” ಎಂದು ಎಲ್ಲರೂ ಕೇಳುತ್ತಾರೆ. ಅಂಥ ಲೆಕ್ಕವೇ ಇಲ್ಲ. ಬೇಕೆಂದೇ ಪದ ತುರುಕುವುದು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಚ್ಚಿಡುವುದು, ಎರಡನ್ನೂ ಗೂಗಲ್ ಸ್ಪ್ಯಾಮ್ ಎಂದೇ ನೋಡುತ್ತದೆ. ನನ್ನ ಪರೀಕ್ಷೆ ಸರಳ: ಪ್ಯಾರಾವನ್ನು ಫೋನಿನಲ್ಲಿ ಯಾರಿಗಾದರೂ ಓದಿ ಹೇಳುತ್ತೇನೆ. ಓದುವಾಗ ನನಗೇ ನಾಚಿಕೆಯಾದ ಕಡೆ ಒಂದು ಕೀವರ್ಡ್ ತೆಗೆಯುತ್ತೇನೆ.

ಆ ಕುರ್ಚಿ ಪುಟದ ಟೈಟಲ್ ಹೀಗಾಯಿತು: ‘ಆಫೀಸ್ ಕುರ್ಚಿ ತಾನಾಗಿಯೇ ಕೆಳಗಿಳಿಯುತ್ತಿದೆಯೇ? ಗ್ಯಾಸ್ ಲಿಫ್ಟ್ ಬದಲಿಸುವ ಬಗೆ’. ಮೊದಲ ವಾಕ್ಯದಲ್ಲೇ ಉತ್ತರ: ಸಾಮಾನ್ಯವಾಗಿ ಸೀಲ್ ಸವೆದು ಒಳಗಿನ ಒತ್ತಡ ಸೋರಿಹೋಗಿರುತ್ತದೆ. ಆಮೇಲೆ ಅಳತೆ ತೆಗೆಯುವ ಕ್ರಮ. ಕಂಪನಿಯವರ ಉದ್ದನೆಯ ಹೆಸರನ್ನು ತೆಗೆಯಲಿಲ್ಲ, ಕೆಳಗಿನ ಅಳತೆಪಟ್ಟಿಯಲ್ಲಿ ಒಮ್ಮೆ ಉಳಿಸಿದೆ. ದೊಡ್ಡ ಕಚೇರಿಗಳ ಖರೀದಿ ವಿಭಾಗದವರು ಅದೇ ಹೆಸರಿನಿಂದ ಹುಡುಕಬಹುದು.

ಪುಟ ಹಾಕಿ ಆರೆಂಟು ವಾರ ಬಿಡಿ. ಆಮೇಲೆ, ನಿಮ್ಮ ಪುಟ ಹುಡುಕಾಟದಲ್ಲಿ ಹೇಗಿದೆ ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ವರದಿ ನೋಡಿ, ಅದು ಉಚಿತ, 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಇಂಪ್ರೆಷನ್ (ಫಲಿತಾಂಶದಲ್ಲಿ ಪುಟ ಕಾಣಿಸಿಕೊಂಡ ಸಲ) ಬಹಳ, ಕ್ಲಿಕ್ ಕಡಿಮೆ ಎಂದಿದ್ದರೆ ನಾನು ಮೊದಲು ಟೈಟಲ್ ತಿದ್ದುತ್ತೇನೆ. ಸರಾಸರಿ ಸ್ಥಾನ ಹತ್ತರಾಚೆ ತಡವರಿಸುತ್ತಿದ್ದರೆ ಉತ್ತರದಲ್ಲಿ ಏನೋ ಬಿಟ್ಟಿದ್ದೇನೆ ಎಂದು ಇನ್ನೊಮ್ಮೆ ಓದುತ್ತೇನೆ. ನೀವು ಎಂದೂ ಬರೆಯದ ಮಾತುಗಳೂ ಆ ವರದಿಯ ಹುಡುಕಾಟಗಳ ಪಟ್ಟಿಯಲ್ಲಿ ಸಿಗುತ್ತವೆ. ನನಗೆ ‘ಕುರ್ಚಿ ಚಕ್ರಕ್ಕೆ ಕೂದಲು ಸುತ್ತಿಕೊಂಡಿದೆ’ ಎಂಬುದು ಸಿಕ್ಕಿತು. ಚಕ್ರದ ಪುಟ ನಮ್ಮಲ್ಲಿ ಇರಲೇ ಇಲ್ಲ. ಈ ವಾರ ಅದನ್ನು ಬರೆಯುತ್ತಿದ್ದೇನೆ.